ಅವ್ವನ ಉರಿ

ಬೆಳಗಾದರೆ ಪಿ.ಜೆ. ಬಡಾವಣೆಯ ನಮ್ಮ ಬೀದಿಯಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಹಾಲಿನ ಪ್ಯಾಕೆಟ್ ಹಿಡಿದು ವಾಕಿಂಗ್ ಮುಗಿಸಿ ಬರುವವರು ಒಂದು ಬಗೆ. ಎಕ್ಸ್‌ರೇ ಕವರು ಹಿಡಿದು ಡಾಕ್ಟರ ಮನೆ ಕೇಳುವ ಹಳ್ಳಿಯವರು ಇನ್ನೊಂದು ಬಗೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಹತ್ತಿ ಗಿರಣಿಗಳ ದಾವಣಗೆರೆ ನಿಧಾನವಾಗಿ ಡಾಕ್ಟರುಗಳ ಊರೂ ಆಯಿತು. ನಮ್ಮ ಮನೆಯಲ್ಲೂ ಅಕ್ಕನ ಮಗಳೊಬ್ಬಳು ಎಂ.ಡಿ. ಓದುತ್ತಿದ್ದಾಳೆ.

ಮೊನ್ನೆ ಅವಳು ಕಂಪ್ಯೂಟರಿನಲ್ಲಿ ಜಠರದ ಕ್ಯಾನ್ಸರಿನ ಸಂಶೋಧಕರೊಬ್ಬರ ಪಟ್ಟಿ ನೋಡುತ್ತಾ, "ಎಷ್ಟು ದೊಡ್ಡೋರು ನೋಡು ಚಿಕ್ಕಮ್ಮ" ಎಂದಳು.

"ದೊಡ್ಡೋರು ಅಂತ ಹೆಂಗೆ ಗೊತ್ತಾಯ್ತೇ?"

"ಎಷ್ಟು ಜನ ಇವರ ಲೇಖನದ ಹೆಸರು ಹೇಳ್ಯಾರೆ ಅನ್ನೋ ಲೆಕ್ಕ ಐತಲ್ಲ!"

ನನಗೆ ಅರ್ಥವಾದದ್ದು ಅಡಿಗೆಮನೆಯ ಲೆಕ್ಕದಲ್ಲಿ. ನಮ್ಮ ಮನೆಯ ಸಾರಿನಪುಡಿಯ ಅಳತೆಯನ್ನು ನಾಲ್ಕು ಜನ ಬರೆದುಕೊಂಡು ಹೋಗಿ, "ಇದು ಇಂಥವರ ಮನೆಯದು" ಎಂದು ಹೇಳಿದರೆ ಅದು ನಾಲ್ಕು ಉಲ್ಲೇಖ. ಈ ಲೆಕ್ಕದ ಯೋಚನೆಯನ್ನು 1955ರಲ್ಲಿ ಮುಂದಿಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಒಂದು ಲೇಖನದಿಂದ ಇನ್ನೊಂದನ್ನು ಹುಡುಕಲು ದಾರಿ ಮಾಡಿಕೊಡುವುದೇ ಅವರ ಉದ್ದೇಶವಾಗಿತ್ತು. ಆ ಪಟ್ಟಿಯೇ ಬರಬರುತ್ತಾ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆ ಕೊಟ್ಟರು: ಒಬ್ಬರ 20 ಲೇಖನಗಳು ತಲಾ 20 ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ 20. ಅದು 21 ಆಗಬೇಕಾದರೆ 21 ಲೇಖನಗಳಿಗೆ ತಲಾ 21 ಬೇಕು.

ಆದರೆ ಹೊಗಳಿದವರೂ ಹೆಸರು ಹೇಳುತ್ತಾರೆ, ತಪ್ಪು ಎಂದವರೂ ಹೆಸರು ಹೇಳುತ್ತಾರೆ. ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಅವರದು ಅಂಥ ಕಥೆ. ಜಿರಲೆ ತಿಂದ ಇಲಿಗಳ ಜಠರದಲ್ಲಿ ಒಂದು ಹುಳುವಿನಿಂದ ಕ್ಯಾನ್ಸರ್ ಬರುತ್ತದೆಂದು ಅವರು 1913ರಲ್ಲಿ ಪ್ರಕಟಿಸಿದರು. 1926ರ ನೊಬೆಲ್ ಬಹುಮಾನವೂ ಬಂತು. ಆ ಇಲಿಗಳ ಆಹಾರದಲ್ಲಿ ಎ ಜೀವಸತ್ವದ ಕೊರತೆಯಿತ್ತು, ಕಂಡದ್ದು ಕ್ಯಾನ್ಸರೇ ಅಲ್ಲ ಎಂದು ಆಮೇಲೆ ತಿಳಿಯಿತು.

ಇದಕ್ಕೆ ತಿರುಗುಮುರುಗಾದ ಕಥೆಯೂ ಉಂಟು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. 1983ರಲ್ಲಿ ಅವರ ಪ್ರಬಂಧವನ್ನು ಅಲ್ಲಿಯ ವೈದ್ಯರ ಸಮ್ಮೇಳನಕ್ಕೆ ಸೇರಿಸಿಕೊಳ್ಳಲಿಲ್ಲ. ಆಮ್ಲದಲ್ಲಿ ಕ್ರಿಮಿ ಬದುಕುವುದುಂಟೇ ಎಂಬುದು ಆಗಿನ ನಂಬಿಕೆ. ಮಾರ್ಷಲ್ 1984ರಲ್ಲಿ ಆ ಕ್ರಿಮಿಯನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು! 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2001ರಲ್ಲಿ ಜಪಾನಿನ ಉಎಮುರಾ ಮತ್ತು ಸಂಗಡಿಗರು 1,526 ರೋಗಿಗಳ ಅಧ್ಯಯನ ಪ್ರಕಟಿಸಿದರು. ಸೋಂಕಿದ್ದ 1,246 ಜನರಲ್ಲಿ 36 ಮಂದಿಗೆ ಕ್ಯಾನ್ಸರ್ ಬಂದಿತ್ತು. ಸೋಂಕಿಲ್ಲದ 280 ಜನರಲ್ಲಿ ಒಬ್ಬರಿಗೂ ಇಲ್ಲ. 2005ರಲ್ಲಿ ಮಾರ್ಷಲ್, ವಾರೆನ್ ಇಬ್ಬರಿಗೂ ನೊಬೆಲ್ ಬಂತು.

ಇದನ್ನೆಲ್ಲ ಕೇಳುತ್ತಿದ್ದಾಗ ನನಗೆ ಅವ್ವನ ನೆನಪು. ವರ್ಷಗಟ್ಟಲೆ "ಎದೆ ಉರಿತೈತೆ" ಎನ್ನುತ್ತಾ, ಜೀರಿಗೆ ಕಷಾಯ ಕುಡಿದು, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೋರಿಸಿದ ಡಾಕ್ಟರೂ ಖಾರ ಬಿಡಿ ಎಂದು ಕಳಿಸಿದರು. ಮೈ ಇಳಿದು ಅನ್ನ ಸೇರದಂತಾದಾಗ ಬೆಂಗಳೂರಿಗೆ ಕರೆದೊಯ್ದೆವು. ಹೊತ್ತು ಮೀರಿತ್ತು. 1986ರಲ್ಲಿ ಹೋದಳು. ಮಾರ್ಷಲ್ ಕುಡಿದು ನೋಡಿದ ಪ್ರಯೋಗದ ಲೇಖನ ಅಚ್ಚಾದದ್ದು 1985ರಲ್ಲಿ. ಅದು ನಮ್ಮೂರಿಗೆ ಬಂದಿದ್ದರೆ ಅವ್ವ ಉಳಿಯುತ್ತಿದ್ದಳೆಂದು ಹೇಳಲಾರೆ.

"ಅವ್ವ ಯಾವ ಲೆಕ್ಕದಾಗೆ ಬಂದಾಳೆ?" ಎಂದು ಕೇಳಿದೆ. ಹುಡುಗಿ ವಿವರಿಸಿದಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಂತೆ 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಗರದ ಕ್ಯಾನ್ಸರ್ ನೋಂದಣಿ ಇದೆ. ಅದರ ಸಿಬ್ಬಂದಿ ಆಸ್ಪತ್ರೆ, ಪ್ರಯೋಗಾಲಯಗಳನ್ನು ಸುತ್ತಿ, ಸಾವಿನ ದಾಖಲೆ ತಿರುವಿ ಒಂದೊಂದೇ ಹೆಸರು ಬರೆದುಕೊಳ್ಳುತ್ತಾರೆ. ಇಂಥ ನೋಂದಣಿಗಳನ್ನು ನೆಚ್ಚಿಯೇ ಲೋಕದ ಕ್ಯಾನ್ಸರ್ ಅಂಕಿ ಅಂಶ ತಯಾರಾಗುವುದು. ಆ ವರದಿಗಳು ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಗೊಳ್ಳುವ ಲೇಖನಗಳಲ್ಲಿ ಸೇರಿವೆ. ಬಿಸಿಲಲ್ಲಿ ಓಡಾಡಿ ಬರೆದುಕೊಂಡವರ ಹೆಸರನ್ನು ಅಲ್ಲಿ ಯಾರು ಹೇಳುತ್ತಾರೆ?

"ಆದರೆ ಆ ಲೆಕ್ಕ ಬೆಂಗಳೂರಲ್ಲೇ ವಾಸ ಇದ್ದೋರಿಗೆ ಮಾತ್ರ, ಚಿಕ್ಕಮ್ಮ. ಅಜ್ಜಿ ವಿಳಾಸ ದಾವಣಗೆರೆ."

ಅಂದರೆ ಅವ್ವ ಅಲ್ಲೂ ಪಂಕ್ತಿಯ ಹೊರಗೇ ಉಳಿದಳು. ಗಂಟಲು ಕಟ್ಟಿತು. ಹುಡುಗಿ ಮಾತ್ರ ಒಂದು ಕಾಗದ ಎಳೆದುಕೊಂಡಳು. "ಅಜ್ಜಿಗೆ ಎಷ್ಟು ವಯಸ್ಸಾಗಿತ್ತು? ಉರಿ ಎಷ್ಟು ವರ್ಷದಿಂದ ಇತ್ತು?" ಹೇಳಿದೆ. ಬರೆದುಕೊಂಡು ತಲೆಯೆತ್ತಿ ಕೇಳಿದಳು: "ತಾಯಿಗೆ ಬಂದಿದ್ದರೆ ಮಕ್ಕಳಿಗೂ ಅಪಾಯ ಸ್ವಲ್ಪ ಜಾಸ್ತಿ. ನೀನು ರಾತ್ರಿ ಎದ್ದು ಮಜ್ಜಿಗೆ ಕುಡೀತೀಯಲ್ಲ, ಎಷ್ಟು ದಿನದಿಂದ?"

ನಾನು ಸುಮ್ಮನಾದೆ. ಎರಡು ವರ್ಷದಿಂದ, ಅವ್ವನ ಹಾಗೆಯೇ, ಯಾರಿಗೂ ಹೇಳಿರಲಿಲ್ಲ.

ಮರುವಾರ ಎಂಡೋಸ್ಕೋಪಿ ಆಯಿತು. ಕ್ಯಾನ್ಸರ್ ಇಲ್ಲ, ಆ ಸುರುಳಿ ಬ್ಯಾಕ್ಟೀರಿಯಾ ಇತ್ತು. ಅದಿದ್ದ ಬಹುಪಾಲು ಜನಕ್ಕೆ ಕ್ಯಾನ್ಸರ್ ಬರುವುದಿಲ್ಲ, ಆದರೂ ಅವ್ವನ ವಿಷಯ ಕೇಳಿದ ಡಾಕ್ಟರು 14 ದಿನದ ಮಾತ್ರೆ ಬರೆದರು. ಸಮ್ಮೇಳನಕ್ಕೂ ಬೇಡವಾಗಿದ್ದ ಒಂದು ಪ್ರಬಂಧದ ಫಲ ದಾವಣಗೆರೆಯ ನನ್ನ ಅಂಗೈಗೆ ಬಂದಿತ್ತು. ಅದನ್ನು ಯಾವ ಪಟ್ಟಿಯೂ ಎಣಿಸುವುದಿಲ್ಲ. ಮೊದಲ ಮಾತ್ರೆ ನುಂಗಿದ ದಿನ, ಬಡಿಸುವವರೆಗೂ ಕಾಯದೆ ಎಲ್ಲರ ಜೊತೆ ಕೂತು ಉಂಡೆ.