ದಲಿತ ವಿದ್ಯಾರ್ಥಿಗಳು ಮತ್ತು ಉನ್ನತ ಶಿಕ್ಷಣ (ಕರ್ನಾಟಕ)

ಮೇಲ್ಜಾತಿಯವರೇ ತುಂಬಿದ್ದ ಕಾಲೇಜುಗಳಿಗೆ ದಲಿತ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಅವರು ಓದು ಮುಗಿಸುವವರೆಗೆ ನೆರವಾಗಲು ಕರ್ನಾಟಕದಲ್ಲಿ ರೂಪುಗೊಂಡ ವ್ಯವಸ್ಥೆ. ಮೀಸಲು ಸೀಟು, ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಹಾಗೂ ತಾರತಮ್ಯ ತಡೆ ಇದರ ಮುಖ್ಯ ಅಂಗಗಳು.

ಹಿನ್ನೆಲೆ: ಕುದ್ಮುಲ್ ರಂಗರಾಯರು (1859–1928) 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿಯು ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳ ಜೊತೆಗೆ ವಿದ್ಯಾರ್ಥಿವೇತನವನ್ನೂ ಶಿಫಾರಸು ಮಾಡಿತು.

ಪ್ರವೇಶ: ಕಾಲೇಜು ಮೀಸಲಾತಿಗೆ ಸಂವಿಧಾನದ 15(4)ನೇ ವಿಧಿ (1951) ಆಧಾರವಾಯಿತು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಶೇ. 68 ಸೀಟುಗಳನ್ನು ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ರದ್ದುಪಡಿಸಿ, ಮೀಸಲಾತಿ ಸಾಮಾನ್ಯವಾಗಿ ಶೇ. 50 ಮೀರಬಾರದೆಂದಿತು. ಪರಿಶಿಷ್ಟರ ಶೇ. 18 ಪಾಲು ಅಲ್ಲಿ ವಿವಾದದ ವಿಷಯವಾಗಿರಲಿಲ್ಲ. 2022ರಲ್ಲಿ ರಾಜ್ಯವು ಪರಿಶಿಷ್ಟ ಜಾತಿಯ ಪಾಲನ್ನು ಶೇ. 15ರಿಂದ 17ಕ್ಕೆ, ಪಂಗಡದ ಪಾಲನ್ನು 3ರಿಂದ 7ಕ್ಕೆ ಏರಿಸಿತು.

ನೆರವು: ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಊಟ, ವಸತಿ ಒದಗಿಸುತ್ತವೆ. ಹಳ್ಳಿಯಿಂದ ಬೆಂಗಳೂರಿಗೆ ಬರುವ ಕೂಲಿಕಾರರ ಮಕ್ಕಳಿಗೂ, ಪೀಣ್ಯ–ಮಾಕಳಿಯಂಥ ಹೊರವಲಯದ ಕಾರ್ಮಿಕ ಕುಟುಂಬಗಳ ಮಕ್ಕಳಿಗೂ ಬಾಡಿಗೆ, ಊಟ, ಬಸ್ಸಿನ ಖರ್ಚೇ ಹಲವೊಮ್ಮೆ ಶುಲ್ಕಕ್ಕಿಂತ ಭಾರ. ವಿದ್ಯಾರ್ಥಿವೇತನ ತಡವಾದರೆ ಓದೇ ನಿಲ್ಲಬಹುದು.

ಘನತೆಯ ಪ್ರಶ್ನೆ: ಸೀಟು ಸಿಕ್ಕಮಾತ್ರಕ್ಕೆ ಅವಮಾನ ನಿಲ್ಲಲಿಲ್ಲ. ಸಚಿವ ಬಿ. ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ (ಹೊಟ್ಟು, ಸಾರವಿಲ್ಲದ್ದು ಎಂಬರ್ಥದ) ಮಾತಿನ ಬೆನ್ನಿಗೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಕಾವಿನಲ್ಲಿ ಒಗ್ಗೂಡಿದ ಯುವಜನರಿಂದ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಅದರ ಸ್ಥಾಪಕ ಬಿ. ಕೃಷ್ಣಪ್ಪ ಸ್ವತಃ ಕಾಲೇಜು ಅಧ್ಯಾಪಕರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ನಿಯಮಗಳು ಸಮಾನ ಅವಕಾಶ ಕೋಶವನ್ನೂ ತಾರತಮ್ಯ ತಡೆ ಅಧಿಕಾರಿಯನ್ನೂ ಕಡ್ಡಾಯಗೊಳಿಸಿದವು.

ಹೋಲಿಕೆ: ಅಮೆರಿಕದ ಬಿಳಿಯರ ಬಹುಸಂಖ್ಯೆಯ ಕಾಲೇಜುಗಳು ಕಪ್ಪು ವಿದ್ಯಾರ್ಥಿಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುತ್ತಿದ್ದವು. ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲಿ ನಿಗದಿತ ಕೋಟಾವನ್ನೂ 2023ರಲ್ಲಿ ಜನಾಂಗಾಧಾರಿತ ಪರಿಗಣನೆಯನ್ನೂ ತಳ್ಳಿಹಾಕಿತು. ಭಾರತದಲ್ಲಿ ಮೀಸಲಾತಿಗೆ ಸಂವಿಧಾನದ ಆಸರೆಯಿದೆ. ಆದರೆ ಎರಡೂ ಕಡೆ ಕಾಲೇಜಿನ ನಿಜವಾದ ಪರೀಕ್ಷೆ ಒಂದೇ: ಸೇರಿದವರಲ್ಲಿ ಎಷ್ಟು ಜನ ತಲೆಯೆತ್ತಿ ಪದವಿ ಪಡೆದು ಹೊರಬಂದರು ಎಂಬುದು.