ನಡುವಿನ ಹೊರೆ: ಕತ್ತಿಕೊಕ್ಕೆಯಿಂದ ಸೊಂಟಚೀಲದವರೆಗೆ

ಚಾರಣಕ್ಕೆ ಹೊರಡುವ ತರುಣರ ನಡುವಿನಲ್ಲಿ ಈಗ ಹೊಸ ಬಗೆಯ ಚೀಲವೊಂದು ಕಾಣಿಸುತ್ತಿದೆ. ಹೆಗಲಿಗೆ ಜೋತುಬೀಳದೆ ಸೊಂಟದ ಹಿಂಬದಿಯಲ್ಲಿ, ಟೊಂಕದ ಮೇಲೆ ಕುಳಿತುಕೊಳ್ಳುವ ಚೀಲವದು. ಅಗಲವಾದ ಪಟ್ಟಿ, ಅದರ ಮೇಲೆ ಅಡ್ಡಡ್ಡವಾಗಿ ಹೊಲಿದ ನವಾರಿನ ಸಾಲುಗಳು, ಆ ಸಾಲುಗಳಿಗೆ ಬೇಕೆಂದಾಗ ಸಿಕ್ಕಿಸಿ ಬೇಡವೆಂದಾಗ ಕಳಚಬಹುದಾದ ಪುಟ್ಟ ಪುಟ್ಟ ಚೀಲಗಳು. ಮಾರುವವರು ಇದನ್ನು ಮಾಡ್ಯುಲರ್ ಲಂಬರ್ ಪ್ಯಾಕ್ ಎನ್ನುತ್ತಾರೆ. ನಾವು ಸೊಂಟಚೀಲ ಎಂದರೆ ಸಾಕು. ಯಾವುದನ್ನು ಕೊಳ್ಳಬೇಕು, ಎಷ್ಟು ಲೀಟರಿನದಾದರೆ ಒಳ್ಳೆಯದು ಎಂದು ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಕಂಪೆನಿಗಳ ಹೆಸರು ನನಗೇನು ಗೊತ್ತು? ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಿರಿಯರು ಯಾವ ಹೊರೆಯನ್ನು ಮೈಯ ಯಾವ ಭಾಗಕ್ಕೆ ಹಂಚಿದ್ದರು, ಏಕೆ ಹಾಗೆ ಹಂಚಿದ್ದರು ಎಂಬುದನ್ನು ವಿಚಾರಿಸಿದರೆ ಆ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ.

ಈ ಮೂರು ಊರುಗಳ ಇತಿಹಾಸವೆಂದರೆ ಒಂದರ್ಥದಲ್ಲಿ ಹೊರೆ ಹೊತ್ತವರ ಇತಿಹಾಸವೇ. ಘಟ್ಟದ ಮೇಲಿನಿಂದ ಇಳಿದ ಸರಕು ಬಂಟ್ವಾಳದಲ್ಲಿ ದೋಣಿಯೇರಿ ನೇತ್ರಾವತಿಯ ಹರಿವಿನಲ್ಲಿ ಮಂಗಳೂರು ಸೇರುತ್ತಿತ್ತು. ಮೇಲಕ್ಕೆ ಉಪ್ಪು, ಒಣಮೀನು ಹೋಗುತ್ತಿದ್ದವು. ಚಾರ್ಮಾಡಿಯಂತಹ ಘಾಟಿಗಳಲ್ಲಿ ಗಾಡಿ ಓಡುವಂಥ ದಾರಿಯಾಗುವ ಮುನ್ನ ಎಲ್ಲವೂ ಹೇರೆತ್ತುಗಳ ಬೆನ್ನಿನ ಮೇಲೆ, ಅದೂ ಇಲ್ಲವಾದರೆ ಮನುಷ್ಯರ ತಲೆಯ ಮೇಲೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಕಾರ್ಕಳದ ಕಡೆಗೆ ಸಾಗಿದ್ದು ಇಂಥ ಕಾಲದಲ್ಲಿ. ಮೂರು ಸಂಪುಟಗಳ ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಬೆಳ್ತಂಗಡಿ, ಹೊಸಂಗಡಿ, ಉಪ್ಪಿನಂಗಡಿ ಎಂದು ಸಾಲಾಗಿ ಬರುವ ‘ಅಂಗಡಿ’ಗಳು ಹೊರೆಯಿಳಿಸಿ ವ್ಯಾಪಾರ ಮಾಡುತ್ತಿದ್ದ ತಾಣಗಳ ನೆನಪೆಂದೇ ನಾನು ಭಾವಿಸಿದ್ದೇನೆ. ಮೂಡುಬಿದಿರೆಯ ಹೆಸರಿನಲ್ಲಂತೂ ಬಿದಿರೇ ಇದೆ. ಬುಟ್ಟಿ, ಕಾವಡಿಕೋಲು ಎರಡಕ್ಕೂ ಅದೇ ಮೂಲದ್ರವ್ಯ.

ಭಾರವಾದದ್ದು ತಲೆಗೆ, ಇದು ಮೊದಲನೆಯ ನಿಯಮ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನು ನೋಡಿದವರು ಈಗ ಕಡಿಮೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬುದು ಲೆಕ್ಕ. ತೂಕದಲ್ಲಿ 40 ಕಿಲೋ ಆಸುಪಾಸು. ಇಂಥ ಮುಡಿಯನ್ನು ಹೊತ್ತು ಗದ್ದೆಯ ಅಂಚಿನಲ್ಲಿ, ಸಂಕದ ಮೇಲೆ ನಡೆಯುವವನಿಗೆ ತಲೆ, ಕುತ್ತಿಗೆ, ಬೆನ್ನು, ಸೊಂಟ ಎಲ್ಲವೂ ಒಂದೇ ಗೆರೆಯಲ್ಲಿರಬೇಕು. ಅಡಿಕೆ ಹಾಳೆಯ ಮುಟ್ಟಾಳೆಯಾಗಲಿ ಬಟ್ಟೆಯನ್ನು ಸುತ್ತಿ ಮಾಡಿದ ಸಿಂಬೆಯಾಗಲಿ ಆ ಭಾರವನ್ನು ನೆತ್ತಿಯ ಒಂದೇ ಬಿಂದುವಿನ ಮೇಲೆ ಬೀಳಗೊಡದೆ ಹರಡುತ್ತಿದ್ದವು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯ ಎಷ್ಟೋ ಹೆಂಗಸರ ತಲೆಗಳು ಆವೆಮಣ್ಣನ್ನೂ ಹಂಚನ್ನೂ ಹೊತ್ತವು.

1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಐದನೆಯ ಒಂದು ಪಾಲಿನವರೆಗಿನ ಭಾರವನ್ನು ಹೆಚ್ಚಿನ ಶಕ್ತಿವ್ಯಯವಿಲ್ಲದೆ ಹೊರಬಲ್ಲರು ಎಂಬುದು ಅದರ ಸಾರ. ಲುವೋ ಹೆಂಗಸರು ತಲೆಯ ಮೇಲೆ ಹೊರುವವರು, ಕಿಕುಯು ಹೆಂಗಸರು ಹಣೆಪಟ್ಟಿಯಿಂದ ಬೆನ್ನಿಗಿಳಿಬಿಟ್ಟು ಹೊರುವವರು. ಮುಂದೆ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲಿ ಈ ಲಾಭ ಎಲ್ಲರಲ್ಲೂ ಕಾಣಿಸಲಿಲ್ಲ. ತಲೆಹೊರೆಯನ್ನು ಕಲೆಯೆಂದು ಹಾಡಿಹೊಗಳುವವರು ಕುತ್ತಿಗೆ ನೋವಿನ ಮುದುಕಿಯರನ್ನು ಒಮ್ಮೆ ಮಾತನಾಡಿಸಬೇಕು. ದಾರಿಬದಿಯಲ್ಲಿ ನಿಂತಂತೆಯೇ ಹೊರೆ ಇಳಿಸಿ ಮತ್ತೆ ಏರಿಸಿಕೊಳ್ಳಲು ಕಲ್ಲುಕಂಬಗಳನ್ನು ನೆಟ್ಟವರು ಆ ನೋವನ್ನು ಅರಿತವರೇ. ಕನ್ನಡದಲ್ಲಿ ಅದು ಹೊರೆಗಲ್ಲು, ಮಲೆಯಾಳದಲ್ಲಿ ಅತ್ತಾಣಿ.

ಇನ್ನು ನಡು. ಇಲ್ಲಿಗೆ ಬಂದ ವಸ್ತುಗಳ ಪಟ್ಟಿಯೇ ಬೇರೆ. ಉಡಿದಾರಕ್ಕೆ ಬೀಗದ ಕೈ. ಹೆಂಗಸರ ಸೆರಗಿನ ಉಡಿಯಲ್ಲಿ ಸೊಪ್ಪೋ ಕಾಯಿಯೋ. ವ್ಯಾಪಾರಿಯ ಸೊಂಟದಲ್ಲಿ ಹಣ ತುಂಬಿದ ಉದ್ದನೆಯ ಹಮ್ಮಿಣಿ. ಈ ಹಮ್ಮಿಣಿ ಪಾರಸಿ ಮೂಲದ ಪದ. ಸೊಂಟಚೀಲಕ್ಕೆ ಕನ್ನಡದಲ್ಲಿ ಹೆಸರಿಲ್ಲವೆಂದು ಕೊರಗುವವರು ಇದನ್ನು ನೆನಪಿಸಿಕೊಳ್ಳಬಹುದು. ಎಲೆ, ಅಡಿಕೆ, ಸುಣ್ಣದ ಡಬ್ಬಿಗಳಿಗೆ ಬೇರೆ ಬೇರೆ ಅರೆಗಳಿದ್ದ ಸಂಚಿಯೂ ನಡುವಿಗೇ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಕತ್ತಿಕೊಕ್ಕೆ. ಹಗ್ಗದಲ್ಲಿ ನಡುವಿಗೆ ಕಟ್ಟಿಕೊಂಡ ಆ ಕೊಕ್ಕೆಯಲ್ಲಿ ಕತ್ತಿ ಬೆನ್ನ ಹಿಂದೆ ತೂಗುತ್ತಿರುತ್ತಿತ್ತು. ಕಣ್ಣು ಹಾಯಿಸದೆಯೇ ಕೈ ಹಿಂದಕ್ಕೆ ಹೋದರೆ ಹಿಡಿ ಸಿಗಬೇಕು, ಕೆಲಸ ಮುಗಿದರೆ ಹಾಗೆಯೇ ಸಿಕ್ಕಿಸಬೇಕು. ಹಳೆಯ ಬದುಕಿನ ಸಾಧನಗಳನ್ನು ಕಾಣಬಯಸುವವರು ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ, ಅರ್ಧ ದಿನ ಬಿಡುವು ಮಾಡಿಕೊಂಡೇ ಹೋಗಿ.

ಹಣ, ಕೀಲಿ, ಕತ್ತಿ, ಸುಣ್ಣ. ಈ ನಾಲ್ಕರಲ್ಲಿ ಒಂದೂ ಭಾರದ್ದಲ್ಲ. ಕಳೆಯಬಾರದ್ದು ಮತ್ತು ಪದೇ ಪದೇ ಕೈಗೆ ಬೇಕಾದದ್ದು, ಇವೆರಡಕ್ಕೆ ಮಾತ್ರ ನಡುವಿನಲ್ಲಿ ಸ್ಥಳ. ಈ ವಿವೇಕ ಎಷ್ಟು ನಿಷ್ಠುರವಾದದ್ದೆಂದು ತಿಳಿಯಬೇಕಾದರೆ ಅಡಿಕೆ ಮರ ಏರುವವನನ್ನು ಗಮನಿಸಬೇಕು. ಕಾಲಿಗೆ ತಳೆ, ಕೈಗಳೆರಡೂ ಮರಕ್ಕೆ, ಕತ್ತಿ ಹಿಂದೆ. ಕೊಯ್ದ ಗೊನೆಯನ್ನು ಅವನು ಎಂದೂ ಸೊಂಟಕ್ಕೆ ಕಟ್ಟಿಕೊಂಡು ಇಳಿಯುವುದಿಲ್ಲ. ಹಗ್ಗದಲ್ಲಿ ಜಾರಿಸುತ್ತಾನೆ, ಇಲ್ಲವೇ ಕೆಳಕ್ಕೆ ಬೀಳಿಸುತ್ತಾನೆ. ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವ ಆ ಒಂದು ಕ್ಷಣದಲ್ಲಿ ನಡುವಿನಲ್ಲಿ ತೂಗಾಡುವ ಎರಡು ಸೇರು ಭಾರವಿದ್ದರೂ ಅವನ ಗತಿಯೇನು? ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರ ಸುಮಾರಿಗೆ ಬಳಕೆಗೆ ತಂದರು. ಮೈಲುತುತ್ತು, ಸುಣ್ಣ ಕಲಸಿದ ಆ ಮದ್ದಿನ ಪೀಪಾಯಿಯನ್ನು ಯಾರೂ ಮರಕ್ಕೆ ಹೊತ್ತೊಯ್ಯಲಿಲ್ಲ. ಪಂಪು ನೆಲದ ಮೇಲೆಯೇ ಉಳಿಯಿತು, ಮೇಲೇರಿದ್ದು ಕೊಳವೆಯ ತುದಿ ಮಾತ್ರ. ಹೊರುವ ವಿದ್ಯೆಯಲ್ಲಿ ಹೊರದೇ ಇರುವುದೂ ಒಂದು ಪಾಠ. ಮರದ ಮೇಲಿನ ಭಾರವನ್ನು ನಡುವಿಗೇ ತೂಗಿಕೊಂಡು ಇಳಿಯಬೇಕಾದವನು ಕಳ್ಳು ಇಳಿಸುವ ಮೂರ್ತೆದಾರ. ಅವನೂ ಒಂದೇ ಸಲಕ್ಕೆ ಹತ್ತು ಮರದ ಕಳ್ಳನ್ನು ಕಟ್ಟಿಕೊಂಡವನಲ್ಲ, ಮರಮರಕ್ಕೂ ಇಳಿದು ಹತ್ತಿದವನು.

ಈಗಿನ ಸೊಂಟಚೀಲದ ವಂಶವೃಕ್ಷ ಮಾತ್ರ ಬೇರೆ ಕಡೆ ಬೆಳೆದದ್ದು, ಮತ್ತು ಅದಕ್ಕೆ ಎರಡು ಬೇರುಗಳಿವೆ. ಒಂದು ಸೇನೆಯದು. ಚರ್ಮದ ಪಟ್ಟಿಗಳು ಬೋಯರ್ ಯುದ್ಧದಲ್ಲಿ ಕೈಕೊಟ್ಟ ಮೇಲೆ ಬ್ರಿಟಿಷ್ ಸೇನೆ 1908ರಲ್ಲಿ ಹತ್ತಿಯ ದಪ್ಪ ನವಾರಿನ ಸಜ್ಜನ್ನು ಸ್ವೀಕರಿಸಿತು. ಗುಂಡು, ನೀರು, ಗುದ್ದಲಿ ಎಲ್ಲವೂ ಪಟ್ಟಿಗೆ ಸೇರಿ, ಕೋಟಿನಂತೆ ಒಮ್ಮೆಲೇ ತೊಟ್ಟು ಕಳಚಬಹುದಿತ್ತು. 1937ರ ಮಾದರಿ ಭಾರತೀಯ ಸೇನೆಯಲ್ಲೂ ದಶಕಗಳ ಕಾಲ ಉಳಿಯಿತು. 1948ರಲ್ಲಿ ಎನ್.ಸಿ.ಸಿ. ಆರಂಭವಾಗಿ ಶಾಲೆಗಳಿಗೆ ಬಂದಾಗ ನಮ್ಮ ಮಕ್ಕಳ ನಡುವಿಗೆ ಬಂದ ನವಾರಿನ ಪಟ್ಟಿ ಆ ಕುಲದ್ದೇ. ಅದರ ಹಿತ್ತಾಳೆಯನ್ನು ಹೊಳೆಯುವಂತೆ ತಿಕ್ಕುವುದರಲ್ಲಿ ಎಷ್ಟು ಭಾನುವಾರಗಳು ಕಳೆದವೋ! 1990ರ ದಶಕದ ಕೊನೆಗೆ ಅಮೆರಿಕದ ಸೇನೆ ತಂದ ‘ಮೋಲಿ’ ಪದ್ಧತಿಯಲ್ಲಿ ಒಂದಂಗುಲ ಅಗಲದ ನವಾರಿನ ಸಾಲುಗಳನ್ನು ಒಂದೊಂದು ಅಂಗುಲ ಬಿಟ್ಟು, ಒಂದೂವರೆ ಅಂಗುಲಕ್ಕೊಮ್ಮೆ ಹೊಲಿಗೆ ಹಾಕಿ ಜೋಡಿಸಿದರು. ಇಂದಿನ ಬಿಡಿಚೀಲಗಳ ಅಳತೆಯೆಲ್ಲ ಅಲ್ಲಿಂದ ಬಂದದ್ದು.

ಇನ್ನೊಂದು ಬೇರು ಬೆಟ್ಟ ಹತ್ತುವವರದು. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1952ರಲ್ಲಿ ತನ್ನ ಹೆಂಡತಿ ನೀನಾಳೊಡನೆ ಮನೆಯಲ್ಲಿಯೇ ಅಲ್ಯೂಮಿನಿಯಂ ಚೌಕಟ್ಟಿನ ಬೆನ್ನುಚೀಲಗಳನ್ನು ಮಾಡತೊಡಗಿದ. ಚೌಕಟ್ಟಿನ ತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿದಾಗ ಹೆಗಲು ಹಗುರಾದದ್ದರಿಂದ ಸೊಂಟಪಟ್ಟಿಯ ವಿಚಾರ ಹೊಳೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಇಲ್ಲಿ ನಡು ಸಾಧನಗಳನ್ನು ತೂಗುಹಾಕುವ ಗೂಟವಲ್ಲ; ಸೊಂಟದ ಎಲುಬಿನ ಅಂಚು ಭಾರವನ್ನು ಕಾಲಿಗೆ ದಾಟಿಸುವ ಅಡಿಗಲ್ಲು.

ಸೇನೆಯ ಪಟ್ಟಿ, ಬೆಟ್ಟದ ಪಟ್ಟಿ ಎರಡೂ ಕೂಡಿ ಹುಟ್ಟಿದ ಕೂಸು ಈ ಸೊಂಟಚೀಲ. ಕೊಳ್ಳುವವರ ಗೊಂದಲಕ್ಕೂ ಅದೇ ಕಾರಣ. ಎಷ್ಟು ಬಿಡಿಚೀಲ ಸಿಕ್ಕಿಸಬಹುದೆಂದು ಎಣಿಸುತ್ತಾರೆ. ಪಟ್ಟಿಗೆ ಅಷ್ಟನ್ನು ಹೊರುವ ಗಟ್ಟಿತನವಿದೆಯೇ ಎಂದು ನೋಡುವುದಿಲ್ಲ.

ಬೆಳ್ತಂಗಡಿಯ ಗಡಾಯಿಕಲ್ಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನರಸಿಂಹಗಡವೆಂದಿದ್ದ ಆ ಒಂಟಿಬಂಡೆಯ ಮೇಲೆ 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದ. ಏರಲು ಒಂದೇ ಕಿರುದಾರಿ, ಬಂಡೆಯಲ್ಲಿ ಕಡಿದ ಸಾವಿರದೆಂಟುನೂರಕ್ಕೂ ಹೆಚ್ಚು ಮೆಟ್ಟಿಲು. ಶತ್ರುವಿಗೆ ದುರ್ಗಮವಾದದ್ದು ಅಕ್ಕಿ ಹೊರುವವನಿಗೂ ದುರ್ಗಮವೇ. ಮೇಲಿದ್ದ ಪಡೆಯ ಒಂದೊಂದು ಹಿಡಿ ಧಾನ್ಯವೂ ಯಾರದೋ ಮೈಮೇಲೆ ಏರಿದ್ದು. ಕೋಟೆಯ ಕಥೆ ಹೇಳುವವರು ಆ ಕೂಲಿಗಳ ಸುದ್ದಿ ಎತ್ತುವುದೇ ಇಲ್ಲ.

ಅಂಥ ಕಡಿದಾದ ಮೆಟ್ಟಿಲುಗಳಲ್ಲಿ ಕೈಗಳೆರಡೂ ಬಿಡುವಾಗಿರಬೇಕು. ಸೊಂಟಚೀಲ ಇಲ್ಲಿ ನಿಜಕ್ಕೂ ಉಪಯುಕ್ತ. ಆದರೆ ಲೆಕ್ಕ ಹಾಕಿ. ಎರಡು ಲೀಟರು ನೀರೆಂದರೇ ಎರಡು ಕಿಲೋ. ಬುತ್ತಿ, ಮಳೆಯಂಗಿ, ಟಾರ್ಚು, ಕ್ಯಾಮೆರಾ ಸೇರಿದರೆ ನಾಲ್ಕು ದಾಟುತ್ತದೆ. ಹೆಗಲಪಟ್ಟಿಯಿಲ್ಲದೆ ಬರಿಯ ನಡುವಿಗೆ ಅದಕ್ಕಿಂತ ಹೆಚ್ಚು ಹೇರಬಾರದೆಂಬುದು ನನ್ನ ಅಭಿಪ್ರಾಯ. ಹೆಚ್ಚು ಬೇಕಾದವರು ಬೆನ್ನುಚೀಲವನ್ನೇ ಕೊಳ್ಳಲಿ. ಪಟ್ಟಿ ಹೊಟ್ಟೆಯ ಮೆತ್ತನೆಯ ಭಾಗವನ್ನು ಹಿಂಡದೆ ಸೊಂಟದೆಲುಬಿನ ಅಂಚಿನ ಮೇಲೆ ಕೂರಬೇಕು, ಅಂಗೈ ಅಗಲವಾದರೂ ಇರಬೇಕು. ಭಾರದ ವಸ್ತು ಬೆನ್ನಿಗೆ ತಾಗಿದಂತೆ ಒಳಗಡೆ. ನೀರಿನ ಬಾಟಲಿ ಒಂದರ ಬದಲು ಎರಡು ಚಿಕ್ಕವು, ಎಡಕ್ಕೊಂದು ಬಲಕ್ಕೊಂದು, ಸರದಿಯಲ್ಲಿ ಕುಡಿಯುತ್ತ ಹೋಗುವಂತೆ. ಹಿಂದಕ್ಕೆ ಬೆಳೆದು ಜೋಲುವ ಚೀಲ ಇಳಿಯುವಾಗ ಮೇಲಿನ ಮೆಟ್ಟಿಲಿಗೆ ತಗುಲಿ ಮುಂದಕ್ಕೆ ನೂಕುತ್ತದೆ. ಮುಂದೆ ಹೊಟ್ಟೆಯ ಮೇಲೆ ಬಿಡಿಚೀಲ ಸಿಕ್ಕಿಸಿಕೊಂಡವನಿಗೆ ತನ್ನ ಪಾದವೇ ಕಾಣುವುದಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ. ಬೆವರು, ಮಳೆಯಲ್ಲಿ ನೆನೆದ ಸ್ಪಂಜು ನಮ್ಮ ಹವೆಯಲ್ಲಿ ಬೇಗ ಒಣಗುವುದಿಲ್ಲವಾದ್ದರಿಂದ ಬೆನ್ನಿಗೆ ತಾಗುವ ಭಾಗ ಜಾಲರಿಯದಾಗಿದ್ದರೆ ಲೇಸು.

2022ರ ಡಿಸೆಂಬರ್ ತಿಂಗಳಲ್ಲಿ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ನಡೆದ ಸ್ಕೌಟ್ಸ್ ಗೈಡ್ಸ್ ಸಾಂಸ್ಕೃತಿಕ ಜಾಂಬೂರಿಗೆ ಸಾವಿರಾರು ಮಕ್ಕಳು ಚೀಲ ಹೊತ್ತು ಬಂದಿದ್ದರು. ಅಂಥ ಮಕ್ಕಳಿಗೆ ಚೀಲ ಕೊಡಿಸುವ ತಂದೆತಾಯಂದಿರಿಗೆ ಒಂದು ಮಾತು: ಖಾಲಿ ಚೀಲವನ್ನು ಅಂಗಡಿಯ ಕನ್ನಡಿಯ ಮುಂದೆ ಕಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ. ನೀರಿನ ಬಾಟಲಿ ತುಂಬಿಸಿ, ಬಿಡಿಚೀಲಗಳನ್ನೆಲ್ಲ ಸಿಕ್ಕಿಸಿ, ಬಾಗಿ ಶೂಸಿನ ದಾರ ಕಟ್ಟಿಸಿ, ನಾಲ್ಕು ಮೆಟ್ಟಿಲು ಏರಿಸಿ ಇಳಿಸಿ. ಆಮೇಲೆ ಕಣ್ಣು ಮುಚ್ಚಿ ಟಾರ್ಚು ತೆಗೆಯಲು ಹೇಳಿ. ಕೈ ತಡಕಾಡಿದರೆ ಆ ಬಿಡಿಚೀಲ ಇನ್ನೊಂದು ಕಡೆಗೆ ಹೋಗಬೇಕು.