ಹೈದರಾಬಾದಿನಿಂದ ಬೀದರಿಗೆ ಒಂದು ದಿನ

ಜರ್ಮನಿಗೆ ಆನ್‌ಸೈಟ್ ಹೋಗಿರುವ ಗೆಳೆಯನೊಬ್ಬ ಮೊನ್ನೆ ಡ್ರೆಸ್ಡನ್‌ನಿಂದ ಒಂದು ರಾಶಿ ಫೋಟೋ ಕಳಿಸಿದ. ಬೆಳಗ್ಗೆ ರೈಲು ಹತ್ತಿ, ಬರೋಕ್ ಶೈಲಿಯ ಚರ್ಚು, ಅರಮನೆ ಎಲ್ಲ ನೋಡಿ, ರಾತ್ರಿ ಊಟಕ್ಕೆ ಮನೆಗೆ ವಾಪಸ್. "ನಿಮ್ಮ ಕಡೆ ಒಂದು ದಿನಕ್ಕೆ ಹೋಗಿಬರೋಕೆ ಇಂಥದ್ದೇನಿದೆಯಪ್ಪ?" ಅಂತ ಕೇಳಿದ. ನಾನು ಗಚ್ಚಿಬೌಲಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ. ಊರಿಗೆ ಹೋಗೋದು ಅಂದ್ರೆ ಕರ್ನೂಲು ದಾರಿ ಹಿಡಿದು ದಕ್ಷಿಣಕ್ಕೆ ಓಡೋದು. ಆ ಕಡೆ ಮೂರು ಗಂಟೆ ದೂರದಲ್ಲಿ ಬೀದರ್ ಇದೆ, ನಮ್ಮದೇ ಕರ್ನಾಟಕ. ಒಮ್ಮೆಯೂ ಹೋಗಿರಲಿಲ್ಲ. ಹೇಳೋಕೆ ನಾಚಿಕೆ ಆಯ್ತು, ಮುಂದಿನ ಶನಿವಾರವೇ ಹೊರಟೆ.

ಪಟಾನ್‌ಚೆರು, ಸಂಗಾರೆಡ್ಡಿ ದಾಟಿ ಜಹೀರಾಬಾದಿನಲ್ಲಿ ಮುಂಬೈ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಬೇಕು. ಮಣ್ಣು ಕೆಂಪಾಗುತ್ತಾ ಹೋಗುತ್ತೆ. ಈ ಜಹೀರಾಬಾದೂ 1956ರವರೆಗೆ ಬೀದರ್ ಜಿಲ್ಲೆಯೇ. ರಾಜ್ಯಗಳ ಪುನರ್ವಿಂಗಡಣೆ ಆದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು: ಜಹೀರಾಬಾದ್, ನಾರಾಯಣಖೇಡ್ ಕಡೆಯದು ಆಂಧ್ರಕ್ಕೆ, ಉದಗೀರ್, ನಿಲಂಗಾ, ಅಹಮದಪುರ ಆ ಕಡೆಗೆ, ಅಂದರೆ ಇವತ್ತಿನ ಮಹಾರಾಷ್ಟ್ರಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ. ಅಲ್ಲಿ ಚಹಾದಂಗಡಿಯವರು ಒಂದೇ ಮಾತಿನಲ್ಲಿ ಕನ್ನಡ, ದಖನಿ, ಮರಾಠಿ ಮೂರೂ ಬೆರೆಸೋದು ಸುಮ್ಮನೆ ಅಲ್ಲ.

ನಾವು ಹೈದರಾಬಾದಿನವರು ಬೀದರನ್ನು ಹಿಂದುಳಿದ ಊರು ಅಂತ ನೋಡ್ತೀವಿ. ಆದರೆ ಇತಿಹಾಸದಲ್ಲಿ ದಾರಿ ಉಲ್ಟಾ ಇದೆ. ಬಹಮನಿ ಸುಲ್ತಾನ ಅಹಮದ್ ಷಾ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಆಗ ಹೈದರಾಬಾದ್ ಅನ್ನುವ ಊರೇ ಇರಲಿಲ್ಲ. ಗೋಲ್ಕೊಂಡ ಬೀದರಿನ ಕೈಕೆಳಗಿನ ಒಂದು ಕೋಟೆ. ಇರಾನಿನ ಹಮದಾನ್ ಕಡೆಯಿಂದ ಕೆಲಸ ಹುಡುಕಿಕೊಂಡು ಬೀದರಿಗೆ ಬಂದ ಸುಲ್ತಾನ್ ಕುಲಿ ಅನ್ನುವವನನ್ನು ತೆಲಂಗಾಣಕ್ಕೆ ಅಧಿಕಾರಿಯಾಗಿ ಕಳಿಸಿದ್ದು ಬೀದರಿನ ದರ್ಬಾರು. ಅವನಿಂದಲೇ ಕುತುಬ್‌ಶಾಹಿ ವಂಶ. ಅದೇ ವಂಶದ ಮಹಮ್ಮದ್ ಕುಲಿ 1591ರಲ್ಲಿ ಹೈದರಾಬಾದ್ ಕಟ್ಟಿಸಿದ. ನಾವು ದಿನಾ ಓಡಾಡುವ ಊರು ಬೀದರಿನ ಮೊಮ್ಮಗ ಇದ್ದ ಹಾಗೆ.

ಕೋಟೆಯನ್ನು ಬೆಳಗ್ಗೆಯೇ ನೋಡಿಬಿಡಿ, ಮಧ್ಯಾಹ್ನ ಬಿಸಿಲು ತಡೆಯೋಕಾಗಲ್ಲ. ಕಲ್ಲು ಕೊರೆದು ಮಾಡಿದ ಮೂರು ಸಾಲಿನ ಕಂದಕ, ಸೋಲಾ ಖಂಬಾ ಮಸೀದಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್. ಬಿದರಿ ಪಾತ್ರೆಗೆ ಕಪ್ಪು ಬಣ್ಣ ಬರಿಸೋದು ಈ ಕೋಟೆಯ ಮಣ್ಣೇ. ಆದರೆ ನನ್ನ ಮನಸ್ಸು ಕೂತಿದ್ದು ಊರೊಳಗಿನ ಮಹಮೂದ್ ಗವಾನನ ಮದರಸಾದಲ್ಲಿ.

ಗವಾನ್ ಇರಾನಿನ ಗೀಲಾನ್‌ನವನು. 1453ರಲ್ಲಿ ವ್ಯಾಪಾರಿಯಾಗಿ ದಾಭೋಳ್ ಬಂದರಿಗೆ ಬಂದಿಳಿದ. ವಯಸ್ಸು ನಲವತ್ತು ದಾಟಿತ್ತು. ಬೀದರಿಗೆ ಬಂದವನು ಮತ್ತೆ ವಾಪಸ್ ಹೋಗಲಿಲ್ಲ, ರಾಜ್ಯದ ವಜೀರನೇ ಆದ. 1472ರಲ್ಲಿ ಗೋವಾ ಗೆದ್ದ. ಅದೇ ವರ್ಷ ಮೂರು ಅಂತಸ್ತಿನ ಈ ಮದರಸಾ ಎದ್ದು ನಿಂತಿತು, ಅದರ ಗ್ರಂಥಾಲಯದಲ್ಲಿ 3,000 ಪುಸ್ತಕಗಳಿದ್ದವು ಅಂತಾರೆ. ನೀಲಿ, ಬಿಳಿ, ಹಳದಿ ಹೆಂಚಿನ ಬಿಲ್ಲೆಗಳು ಗೋಡೆಯ ಮೇಲೆ ಇವತ್ತಿಗೂ ಅಲ್ಲಲ್ಲಿ ಮಿನುಗುತ್ತವೆ.

ಇವನಂಥ ಹೊರಗಿನವರಿಗೆ ಆಗ ಇದ್ದ ಹೆಸರು ಅಫಾಕಿ, ಇಲ್ಲವೇ ಗರೀಬ್. ನಾವು ಬಡವ ಅನ್ನೋ ಅರ್ಥದಲ್ಲಿ ಬಳಸುವ ಅದೇ ಪದ. ಮೂಲದಲ್ಲಿ ಅದರರ್ಥ ಪರಊರಿನವನು. ಇಲ್ಲೇ ಬೇರುಬಿಟ್ಟವರು ದಖನಿಗಳು. ದೊಡ್ಡ ಹುದ್ದೆಯೆಲ್ಲ ಹಡಗಿನಲ್ಲಿ ಬಂದವರಿಗೆ ಹೋಗುತ್ತೆ ಅನ್ನೋ ದಖನಿಗಳ ಸಿಟ್ಟು ಸುಳ್ಳೇನಲ್ಲ. ಗವಾನನಿಗೂ ಅದು ಗೊತ್ತಿತ್ತು. ನಾಲ್ಕು ಪ್ರಾಂತಗಳನ್ನು ಒಡೆದು ಎಂಟು ಮಾಡಿ, ಎರಡೂ ಗುಂಪಿಗೆ ಅಧಿಕಾರ ಹಂಚಲು ನೋಡಿದ. ಜೊತೆಗೆ ಪ್ರಾಂತಾಧಿಕಾರಿಗೆ ಒಂದೇ ಕೋಟೆ, ಉಳಿದವು ನೇರ ಸುಲ್ತಾನನ ಕೈಗೆ ಅಂದ. ಯಾರ ಕೈಯಿಂದ ಕೋಟೆ ಹೋಯಿತೋ ಅವರು ಸುಮ್ಮನಿರುತ್ತಾರಾ?

ಗವಾನನ ಮೊಹರು ನೋಡಿಕೊಳ್ಳುತ್ತಿದ್ದವನಿಗೆ ಲಂಚ ಕೊಟ್ಟು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬಾ ಅಂತ ಕರೆದ ಹಾಗೆ ಅದರಲ್ಲಿ ಬರೆದರು. ಸುಲ್ತಾನ ಕಾಗದ ತೋರಿಸಿದಾಗ, ಮೊಹರು ನನ್ನದೇ, ಬರಹ ನನ್ನದಲ್ಲ ಅಂದನಂತೆ ಗವಾನ್. 1481ರ ಏಪ್ರಿಲ್ 5ರಂದು ಅವನ ತಲೆ ಹೋಯಿತು. ನಿಜ ತಿಳಿದ ಸುಲ್ತಾನ ಒಂದು ವರ್ಷವೂ ಬದುಕಲಿಲ್ಲ. ಆಮೇಲೆ ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ ಒಂದೊಂದಾಗಿ ಕಳಚಿಕೊಂಡವು.

ಲೋಕಲ್, ನಾನ್‌ಲೋಕಲ್ ಜಗಳ ಹೈದರಾಬಾದಿಗೂ ಹೊಸದಲ್ಲ. 1952ರ ಮುಲ್ಕಿ ಚಳವಳಿ, 1969ರ ತೆಲಂಗಾಣ ಚಳವಳಿ ಎರಡರಲ್ಲೂ ಕೇಳಿದ್ದು ಇದೇ ಪ್ರಶ್ನೆ, ನಮ್ಮೂರಿನ ಕೆಲಸ ಯಾರಿಗೆ ಅಂತ. ನಾವು ಕನ್ನಡಿಗರ ಪರಿಸ್ಥಿತಿಯಂತೂ ವಿಚಿತ್ರ. ಬೆಂಗಳೂರಿನ ಬಗ್ಗೆ ಮಾತಾಡುವಾಗ ದಖನಿಗಳು, ಇಲ್ಲಿ ಕೂತಾಗ ಗರೀಬರು. ನಾನೂ ಎರಡೂ ಕಡೆ ವಾದ ಮಾಡಿದ್ದೀನಿ, ಅದೂ ಒಂದೇ ವಾರದಲ್ಲಿ.

ಮದರಸಾಕ್ಕೆ ವಾಪಸ್ ಬರೋಣ. 1657ರಲ್ಲಿ ಬೀದರ್ ಔರಂಗಜೇಬನ ವಶವಾಯಿತು. ಮುಂದೆ ಕಟ್ಟಡದಲ್ಲಿ ಸೈನ್ಯ ಇಳಿಯಿತು, ಮದ್ದುಗುಂಡು ಶೇಖರಿಸಿದರು. 1696ರ ಸುಮಾರಿಗೆ ಅದು ಸಿಡಿದು ಒಂದು ಮಿನಾರು, ಮುಂಭಾಗದ ಅರ್ಧ ಎಲ್ಲ ಹಾರಿಹೋಯಿತು. ಡ್ರೆಸ್ಡನ್ನಿನ ಆ ಚರ್ಚು ಕೂಡ 1945ರ ಬಾಂಬ್ ದಾಳಿಯಲ್ಲಿ ಕುಸಿದಿತ್ತು. ಹಳೆಯ ಕರಿ ಕಲ್ಲುಗಳನ್ನು ಹೊಸ ಕಲ್ಲಿನ ಜೊತೆ ಸೇರಿಸಿ ಕಟ್ಟಿ, 2005ರಲ್ಲಿ ಮತ್ತೆ ತೆರೆದರು. ನಮ್ಮದು ಒಡೆದ ಹಾಗೇ ಇದೆ. ನನಗೇನೋ ಅದೇ ಸರಿ ಅನ್ನಿಸಿತು. ಮದ್ದಿನ ಮನೆ ಮಾಡಿದರೆ ಏನಾಗುತ್ತೆ ಅಂತ ಕಣ್ಣಿಗೆ ಕಾಣುತ್ತೆ.

ಸಂಜೆ ಅಷ್ಟೂರಿಗೆ ಹೋದೆ. ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅಹಮದ್ ಷಾನ ಉರುಸಿಗೆ ಇವತ್ತಿಗೂ ಜಂಗಮರು ಬರುತ್ತಾರೆ. ಗವಾನನದು ಅಲ್ಲಿಲ್ಲ. ಊರಾಚೆ ಗೋರನಳ್ಳಿ ಹತ್ತಿರ, ಗುಮ್ಮಟವಿಲ್ಲದ ಒಂದು ಸಾದಾ ಕಟ್ಟೆಯ ಮೇಲಿದೆ. ನಾನು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ.

ರಾತ್ರಿ ಪಟಾನ್‌ಚೆರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಗೆಳೆಯನಿಗೆ ಮದರಸಾದ ಫೋಟೋ ಕಳಿಸಿದೆ. "ಇನ್ನೊಂದು ಮಿನಾರು ಎಲ್ಲೋ?" ಅಂದ. ಮನೆಗೆ ಹೋಗಿ ಫೋನ್ ಮಾಡ್ತೀನಿ ಅಂತ ಬರೆದೆ.